ಕೋರಲ್ ಡ್ರಾದ ಓವರ್‌ಪ್ರಿಂಟ್: ಒಂಬತ್ತು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆ ಪೋಸ್ಟರು, ಬೇಳೆ ಮಿಲ್ಲಿನವರ ಲೇಬಲ್ಲು, ಎಲ್ಲ ಕೋರಲ್ ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲೇ ಮಾಡುತ್ತೇನೆ. ಒಂಬತ್ತು ವರ್ಷ ಆಯ್ತು. ಮೊದಲು ಅದರ ಎಕ್ಸ್7 ಆವೃತ್ತಿ ಇತ್ತು, ಈಗ 2021 ಆವೃತ್ತಿ. ಹೊಸ ಟೂಲು, ಎಫೆಕ್ಟುಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಓವರ್‌ಪ್ರಿಂಟ್ ಒಂದರ ಬಗ್ಗೆ ಮಾತ್ರ ಬರೆಯುತ್ತೇನೆ. ಪ್ರೆಸ್ಸಿಗೆ ಫೈಲ್ ಕೊಡುವವರ ದುಡ್ಡು ಉಳಿಯುವುದೂ ಅಲ್ಲೇ, ಹೋಗುವುದೂ ಅಲ್ಲೇ.

ಹೊಸಬರಿಗಾಗಿ ಎರಡು ಮಾತು. ಪ್ರೆಸ್ಸಿನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಪ್ಲೇಟು, ಅಂದರೆ ಅಚ್ಚಿನ ತಗಡು, ಇರುತ್ತದೆ. ಹಳದಿ ಪಟ್ಟಿಯ ಮೇಲೆ ಕಪ್ಪು ಅಕ್ಷರ ಇಟ್ಟಿದ್ದೀರಿ ಅನ್ನಿ. ಸುಮ್ನೆ ಬಿಟ್ಟರೆ ಹಳದಿ ಪ್ಲೇಟಿನಲ್ಲಿ ಅಕ್ಷರದ ಆಕಾರದಷ್ಟು ಜಾಗ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗಕ್ಕೆ ಕಪ್ಪು ಬಂದು ಕೂರಬೇಕು. ಇದು ನಾಕ್‌ಔಟ್. ಓವರ್‌ಪ್ರಿಂಟ್ ಹಾಕಿದರೆ ಖಾಲಿ ಬಿಡುವುದೇ ಇಲ್ಲ. ಹಳದಿ ಪೂರ್ತಿ ಬೀಳುತ್ತದೆ, ಅದರ ಮೇಲೆ ಕಪ್ಪು ಬೀಳುತ್ತದೆ.

ನಮ್ಮಂಥ ಊರಿನಲ್ಲಿ ಇದು ಯಾಕೆ ಬೇಕು ಅಂದರೆ, ಎರಡು ಕಲರಿನ ಜಾಬ್ ಎಷ್ಟೋ ಸಲ ಒಂದೇ ಕಲರಿನ ಮಿನಿ ಆಫ್‌ಸೆಟ್‌ನಲ್ಲಿ ಎರಡು ಸಲ ಓಡುತ್ತದೆ. ಮೇ ತಿಂಗಳ ಬಿಸಿಲಿಗೆ ಕಾಗದ ಒಣಗಿ ಅಳತೆಯೇ ಒಂದಿಷ್ಟು ಬದಲಾಗಿರುತ್ತದೆ. ರಿಜಿಸ್ಟರ್, ಅಂದರೆ ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುವುದು, ಕೂದಲಿನಷ್ಟು ಸರಿದರೂ ಸಾಕು, ಕಪ್ಪು ಅಕ್ಷರದ ಪಕ್ಕ ಬಿಳಿ ಗೆರೆ ಕಾಣುತ್ತದೆ. ಕನ್ನಡದಲ್ಲಿ ಇದು ಇನ್ನೂ ಕಷ್ಟ. ತಲೆಕಟ್ಟು, ಒತ್ತಕ್ಷರ, ದೀರ್ಘ, ಎಲ್ಲ ಸಣ್ಣ ಸಣ್ಣ ಗೆರೆಗಳು. ಎಂಟು ಪಾಯಿಂಟಿನ 'ಶ್ರೀಮತಿ'ಯಲ್ಲಿ ಆ ರಕಾರದ ಒತ್ತು ಹಳದಿಯ ಮೇಲೆ ಬಿಳಿ ಗೆರೆ ಹೊತ್ತು ನಿಂತರೆ ಮದುವೆ ಮನೆಯವರು ಕಾರ್ಡು ತಗೊಳ್ತಾರಾ? ಓವರ್‌ಪ್ರಿಂಟ್ ಹಾಕಿದರೆ ಆ ಗೆರೆ ಬರುವ ದಾರಿಯೇ ಇಲ್ಲ.

ಕೋರಲ್‌ನಲ್ಲಿ ಇದನ್ನು ಹಾಕುವುದು ಬಹಳ ಸುಲಭ. ಆಬ್ಜೆಕ್ಟ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಓವರ್‌ಪ್ರಿಂಟ್ ಫಿಲ್, ಓವರ್‌ಪ್ರಿಂಟ್ ಔಟ್‌ಲೈನ್ ಅಂತ ಎರಡು ಆಯ್ಕೆ ಸಿಗುತ್ತವೆ. ಇಷ್ಟು ವರ್ಷದಲ್ಲಿ ನಾನು ಟಿಕ್ ಹಾಕಿದ್ದು ಪ್ಲೇಟಿಗೆ ಹೋಗದೆ ಉಳಿದ ನೆನಪಿಲ್ಲ. ಆದರೆ ಟಿಕ್ ಇದೆಯೋ ಇಲ್ಲವೋ ಅನ್ನುವುದು ಮಾಮೂಲಿ ಸ್ಕ್ರೀನಿನಲ್ಲಿ ಕಾಣುವುದಿಲ್ಲ. ನನಗೆ ಪೆಟ್ಟು ಬಿದ್ದದ್ದು ಅಲ್ಲೇ.

2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿತಲ್ಲ, ಆಮೇಲೆ ಲೇಬಲ್ ಮೇಲೆ ಊರಿನ ಹೆಸರು ದೊಡ್ಡದಾಗಿ ಬೇಕು ಅಂತ ಕೇಳುವವರು ನನ್ನ ಅಂಗಡಿಗೆ ಜಾಸ್ತಿ ಬರತೊಡಗಿದರು. ಒಬ್ಬ ಮಿಲ್ಲಿನ ಸಾಹುಕಾರರದು ಹಳೇ ಲೇಬಲ್ ಇತ್ತು. ಹಳದಿ ಹಿನ್ನೆಲೆ, ಕಪ್ಪು ಅಕ್ಷರ. ಕಪ್ಪಿಗೆ ನಾನೇ ಓವರ್‌ಪ್ರಿಂಟ್ ಫಿಲ್ ಹಾಕಿದ್ದೆ. ಮರುವರ್ಷ ಬಂದು, "ಈ ಸಲ ಹಸಿರು ಹಾಕ್ರಿ, ಹೆಸರು ಬಿಳಿ ಇರ್ಲಿ" ಅಂದರು. ಹಳೇ ಫೈಲ್ ತೆಗೆದೆ. ಹಿನ್ನೆಲೆಯನ್ನು ಹಸಿರು ಮಾಡಿದೆ, ಸಯಾನ್ (ತಿಳಿ ನೀಲಿ) ಶೇ 80, ಹಳದಿ ಶೇ 100. ಅಕ್ಷರ ಹಿಡಿದು ಪ್ಯಾಲೆಟ್ಟಿನಲ್ಲಿ ಬಿಳಿ ಒತ್ತಿದೆ. ಸ್ಕ್ರೀನಿನಲ್ಲಿ 'ಕಲಬುರಗಿ ತೊಗರಿಬೇಳೆ' ಬಿಳಿಯಾಗಿ ಫಳಫಳ ಹೊಳೆಯಿತು. ವಾಟ್ಸಾಪಿನಲ್ಲಿ ಕಳಿಸಿದೆ, ಒಪ್ಪಿದರು. ಪ್ಲೇಟಿಗೆ ಕೊಟ್ಟೆ.

ಮಾರನೇ ದಿನ ಪ್ರೆಸ್ಸಿನ ಕಾಕಾ ಫೋನ್ ಮಾಡಿದರು. "ತಮ್ಮಾ, ಹೆಸರ ಹೊಂಟೇ ಇಲ್ಲ ನೋಡು. ಬರೇ ಹಸಿರ ಬರ್ಲಕತ್ತದ."

ಓಡಿದೆ. ಕಾಕಾ ಮಷಿನ್ ನಿಲ್ಲಿಸಿ ಸಯಾನ್ ಪ್ಲೇಟನ್ನು ಬೆಳಕಿಗೆ ಹಿಡಿದು ತೋರಿಸಿದರು. ಕಳಸದ ಚಿತ್ರ ಇದೆ, ಬಾರ್ಡರ್ ಇದೆ. ಅಕ್ಷರ ಇರಬೇಕಾದ ಜಾಗದಲ್ಲಿ ಪ್ಲೇಟು ಒಂದೇ ಸಮ ತುಂಬಿಕೊಂಡಿದೆ. ಒಂದು 'ಕ'ದ ಗುರುತೂ ಇಲ್ಲ. ಹಳದಿ ಪ್ಲೇಟೂ ಹಾಗೇ. ಆಗ ತಲೆಗೆ ಹೊಳೆಯಿತು. ಪ್ರೆಸ್ಸಿನ ನಾಲ್ಕು ಕಲರಿನಲ್ಲಿ, ಅಂದರೆ ಸಯಾನ್, ಮೆಜೆಂಟಾ (ಗುಲಾಬಿ ಕೆಂಪು), ಹಳದಿ, ಕಪ್ಪಿನಲ್ಲಿ, ಬಿಳಿ ಅನ್ನುವ ಶಾಯಿ ಇಲ್ಲ. ಬಿಳಿ ಅಂದರೆ ಕಾಗದ ಖಾಲಿ ಬಿಡುವುದು. ನಾನು ಬಣ್ಣ ಬದಲಿಸಿದರೂ ಹಳೇ ಓವರ್‌ಪ್ರಿಂಟ್ ಟಿಕ್ ಅಕ್ಷರಕ್ಕೆ ಅಂಟಿಕೊಂಡೇ ಇತ್ತು. ಖಾಲಿ ಬಿಡಬೇಡ ಅಂತ ಫೈಲಿಗೆ ನಾನೇ ಹೇಳಿಟ್ಟಿದ್ದೆ. ತಪ್ಪು ನನ್ನದೇ. ಮೆಜೆಂಟಾ, ಕಪ್ಪು ಪ್ಲೇಟುಗಳು ಸರಿಯಿದ್ದವು. ಎರಡು ಪ್ಲೇಟಿನ ದುಡ್ಡು, ಒಂದು ದಿನದ ಮಷಿನ್ ಸಮಯ ಹೋಯಿತು. ಸಾಹುಕಾರರಿಗೆ ಲೇಬಲ್ ಎರಡು ದಿನ ತಡವಾಯಿತು. ಅವರ ಮುಂದೆ ನಿಂತು ಹೇಳುವಾಗ ಬಹಳ ಬೇಜಾರಾಗಿತ್ತು.

ಅಂದಿನಿಂದ ವ್ಯೂ ಮೆನುವಿನಲ್ಲಿ ಸಿಮ್ಯುಲೇಟ್ ಓವರ್‌ಪ್ರಿಂಟ್ಸ್ ಆನ್ ಮಾಡದೆ ಒಂದು ಫೈಲೂ ಹೊರಗೆ ಬಿಟ್ಟಿಲ್ಲ. ಅದನ್ನು ಒತ್ತಿದ ಕೂಡಲೇ ಇಂಥ ಬಿಳಿ ಅಕ್ಷರ ಕಣ್ಣೆದುರೇ ಮಾಯವಾಗುತ್ತದೆ. ದೊಡ್ಡ ಫೈಲಿನಲ್ಲಿ ಸ್ಕ್ರೀನ್ ಸ್ವಲ್ಪ ಎಳೆಯುತ್ತದೆ, ಅದಕ್ಕೇ ಕೆಲಸದ ಕೊನೆಗೆ ಆನ್ ಮಾಡುತ್ತೇನೆ.

ಇನ್ನೊಂದು ಕಡೆ ಪಿಡಿಎಫ್. ಪಬ್ಲಿಷ್ ಟು ಪಿಡಿಎಫ್ ಸೆಟ್ಟಿಂಗ್ಸಿನಲ್ಲಿ ಡಾಕ್ಯುಮೆಂಟಿನ ಓವರ್‌ಪ್ರಿಂಟ್ ಉಳಿಸಿಕೊಳ್ಳುವ ಟಿಕ್ ಇದೆ. ಅದು ಇಲ್ಲದಿದ್ದರೆ ನೀವು ಆಬ್ಜೆಕ್ಟಿಗೆ ಹಾಕಿದ್ದೆಲ್ಲ ವ್ಯರ್ಥ. ಪಿಡಿಎಫ್ ಆದ ಮೇಲೆ ಅದನ್ನು ಮೊಬೈಲಿನಲ್ಲೋ ಬ್ರೌಸರಿನಲ್ಲೋ ನೋಡಿ ನಂಬಬೇಡಿ. ಅಕ್ರೋಬ್ಯಾಟ್ ರೀಡರ್ ಉಚಿತವೇ ಅಲ್ವಾ? ಅದರ ಪ್ರಿಫರೆನ್ಸಸ್‌ನಲ್ಲಿ ಪೇಜ್ ಡಿಸ್‌ಪ್ಲೇ ತೆರೆದರೆ ಯೂಸ್ ಓವರ್‌ಪ್ರಿಂಟ್ ಪ್ರಿವ್ಯೂ ಅಂತ ಇದೆ. ಅದು ಪಿಡಿಎಫ್ ಎಕ್ಸ್ (ಪ್ರೆಸ್ಸಿಗೆಂದೇ ಇರುವ ಪಿಡಿಎಫ್) ಫೈಲುಗಳಿಗೆ ಮಾತ್ರ ಅಂತ ಇರುತ್ತದೆ. ಆಲ್‌ವೇಸ್ ಮಾಡಿಟ್ಟುಕೊಳ್ಳಿ. ನನ್ನ ಬಳಿ ಡಿಟಿಪಿ ಕಲಿಯಲು ಬರುವ ಹುಡುಗರಿಗೆ ಮೊದಲ ದಿನವೇ ಇದನ್ನು ಮಾಡಿಸುತ್ತೇನೆ.

ಈಗ ಕೋರಲ್‌ನ ಆಲ್‌ವೇಸ್ ಓವರ್‌ಪ್ರಿಂಟ್ ಬ್ಲ್ಯಾಕ್ ವಿಷಯ. ಈ ಟಿಕ್ ಹಾಕಿದರೆ ಶೇ 95 ಅಥವಾ ಜಾಸ್ತಿ ಕಪ್ಪು ಇರುವ ಎಲ್ಲ ಆಬ್ಜೆಕ್ಟೂ ತಾನಾಗಿ ಓವರ್‌ಪ್ರಿಂಟ್ ಆಗುತ್ತವೆ. ಬಿಳಿಯನ್ನು ಮುಟ್ಟುವುದಿಲ್ಲ. ಒಂದೊಂದೇ ಅಕ್ಷರಕ್ಕೆ ಟಿಕ್ ಹಾಕಿ ಮುಂದಿನ ವರ್ಷ ಮರೆಯುವುದಕ್ಕಿಂತ ಇದು ಎಷ್ಟೋ ಮೇಲು. ಕಾರ್ಡು, ಪಾಂಪ್ಲೆಟ್ಟು, ಬಿಲ್ ಬುಕ್ಕಿಗೆ ನಾನು ಇದನ್ನೇ ಬಳಸುತ್ತೇನೆ.

ಆದರೆ ಪೋಸ್ಟರಿಗೆ ಬೇಡ. ಶರಣಬಸವೇಶ್ವರ ಜಾತ್ರೆಯ ಒಂದು ಪೋಸ್ಟರಿನಲ್ಲಿ ದಪ್ಪ ಕಪ್ಪು ಶೀರ್ಷಿಕೆಯ ಅರ್ಧ ಗುಡಿಯ ಫೋಟೋ ಮೇಲೆ, ಅರ್ಧ ಬಿಳಿ ಕಾಗದದ ಮೇಲೆ ಇತ್ತು. ಫೋಟೋ ಮೇಲಿನ ಅರ್ಧ ಫೋಟೋದ ಬಣ್ಣಗಳೂ ಸೇರಿ ಗಾಢ ಕಪ್ಪಾಯಿತು, ಗೋಪುರದ ಅಂಚೂ ಒಳಗಿಂದ ತೆಳ್ಳಗೆ ಕಂಡಿತು. ಕೆಳಗಿನ ಅರ್ಧ ಬೂದಿ ಹೊಡೆದಂತೆ. ಒಂದೇ ಅಕ್ಷರ, ಎರಡು ಕಪ್ಪು! ಈಗ ದೊಡ್ಡ ಶೀರ್ಷಿಕೆಗೆ ಸಯಾನ್ 60, ಮೆಜೆಂಟಾ 40, ಹಳದಿ 40, ಕಪ್ಪು 100 ಹಾಕಿ ನಾಕ್‌ಔಟ್ ಬಿಡುತ್ತೇನೆ. ಸಣ್ಣ ಅಕ್ಷರಕ್ಕೆ ಈ ನಾಲ್ಕು ಕಲರಿನ ಕಪ್ಪು ಹಾಕಲೇಬಾರದು, ರಿಜಿಸ್ಟರ್ ಸರಿದರೆ ಅಂಚೆಲ್ಲ ಬಣ್ಣ ಬಣ್ಣ.

ಓವರ್‌ಪ್ರಿಂಟ್ ಹಾಕಿದರೂ ಕಪ್ಪು ಸರಿ ಬರುತ್ತಿಲ್ಲ ಅನ್ನುವವರು ಮೊದಲು ಅಕ್ಷರದ ಬಣ್ಣ ನೋಡಿ. ವರ್ಡ್‌ನಿಂದ ಪೇಸ್ಟ್ ಮಾಡಿದ ಮ್ಯಾಟರಿನಲ್ಲಿ ಕಪ್ಪು ಆರ್‌ಜಿಬಿ (ಸ್ಕ್ರೀನಿನ ಬಣ್ಣ) ಆಗಿರುವುದು ಸಾಮಾನ್ಯ. ಪ್ಲೇಟಿಗೆ ಹೋಗುವಾಗ ಅದು ನಾಲ್ಕೂ ಕಲರಿಗೆ ಹಂಚಿಕೊಳ್ಳುತ್ತದೆ. ಬರೀ ಕೆ 100, ಅಂದರೆ ಕಪ್ಪು ಶಾಯಿ ಮಾತ್ರ ಶೇ 100, ಮಾಡಿ, ಆಮೇಲೆ ಓವರ್‌ಪ್ರಿಂಟ್ ಮಾತು. ಬಾಕ್ಸಿನ ಕೆಲಸ ಮಾಡುವವರು ಡೈ ಕಟಿಂಗ್ ಗೆರೆಯನ್ನು (ಬಾಕ್ಸು ಕತ್ತರಿಸುವ ಗುರುತು) ಬೇರೆ ಸ್ಪಾಟ್ ಕಲರಿನಲ್ಲಿ (ನಾಲ್ಕು ಕಲರಿಗೆ ಸೇರದ ಪ್ರತ್ಯೇಕ ಬಣ್ಣ) ಇಟ್ಟು ಓವರ್‌ಪ್ರಿಂಟ್ ಔಟ್‌ಲೈನ್ ಹಾಕಿ. ಇಲ್ಲದಿದ್ದರೆ ಹಿನ್ನೆಲೆಯಲ್ಲಿ ಆ ಗೆರೆಯಷ್ಟು ಬಿಳಿ ಬೀಳುತ್ತದೆ. ಇನ್ನು ಸಿಟಿಪಿಯವರನ್ನು, ಅಂದರೆ ಫೈಲಿನಿಂದ ಪ್ಲೇಟು ಮಾಡಿಕೊಡುವವರನ್ನು, ಒಂದು ಮಾತು ಕೇಳಿ. ಫೈಲನ್ನು ಪ್ಲೇಟಿಗೆ ಸಿದ್ಧ ಮಾಡುವ ಅವರ ಸಾಫ್ಟ್‌ವೇರ್ ರಿಪ್‌ನಲ್ಲೂ ಕಪ್ಪಿನ ಓವರ್‌ಪ್ರಿಂಟ್ ಸೆಟ್ಟಿಂಗ್ ಇರುತ್ತದೆ, ನಿಮ್ಮ ಫೈಲಿನದನ್ನು ಅದು ಬದಲಿಸಬಹುದು.

ದುಡ್ಡು ಹಾಕಲು ಆಗದವರಿಗೆ ಇಂಕ್‌ಸ್ಕೇಪ್ ಇದೆ. ಚಿತ್ರ ಬರೆಯಲು ಚೆನ್ನಾಗಿದೆ, ಆದರೆ ಅದರ ಎಸ್‌ವಿಜಿ ಫೈಲಿನಲ್ಲಿ ಓವರ್‌ಪ್ರಿಂಟ್ ಅನ್ನುವುದೇ ಇಲ್ಲ. ಅಲ್ಲಿ ಬರೆದದ್ದನ್ನು ಪುಟ ಜೋಡಿಸುವ ಸ್ಕ್ರೈಬಸ್‌ಗೆ ತಂದರೆ ಸಿಎಂವೈಕೆ (ಪ್ರೆಸ್ಸಿನ ನಾಲ್ಕು ಕಲರು) ಬಣ್ಣವೂ ಸಿಗುತ್ತದೆ, ಒಂದೊಂದು ಆಬ್ಜೆಕ್ಟಿಗೆ ಓವರ್‌ಪ್ರಿಂಟ್ ಆಯ್ಕೆಯೂ ಸಿಗುತ್ತದೆ. ಎರಡೂ ಉಚಿತ. ನಾನು ಕೆಲವು ಜಾಬ್ ಹಾಗೆ ಮಾಡಿ ನೋಡಿದ್ದೇನೆ, ಪ್ಲೇಟು ಸರಿಯಾಗಿಯೇ ಬಂತು. ದಿನಕ್ಕೆ ಹತ್ತು ಗಿರಾಕಿ ಬರುವ ಅಂಗಡಿಗೆ ಮಾತ್ರ ಎರಡು ಸಾಫ್ಟ್‌ವೇರ್ ಮಧ್ಯೆ ಓಡಾಡುವುದು ನಿಧಾನ.

ಕೋರಲ್‌ನಂಥದೇ ಇನ್ನೊಂದು ಸಾಫ್ಟ್‌ವೇರ್ ಇಲ್ಲಸ್ಟ್ರೇಟರ್‌ನ ಡಾಕ್ಯುಮೆಂಟ್ ಸೆಟಪ್‌ನಲ್ಲಿ ಬಿಳಿಯ ಓವರ್‌ಪ್ರಿಂಟನ್ನು ಔಟ್‌ಪುಟ್ಟಿನಲ್ಲಿ ಕೈಬಿಡುವ ಆಯ್ಕೆ ಇದೆ. ಕೋರಲ್ ಬಿಡಲು ಅದೊಂದೇ ನನಗೆ ಸಾಕಾಗಲಿಲ್ಲ, ಹಳೇ ಫೈಲುಗಳೆಲ್ಲ ಇಲ್ಲೇ ಇವೆ. ಕೋರಲ್‌ನ ಓವರ್‌ಪ್ರಿಂಟಿಗೆ 5ಕ್ಕೆ 4 ಕೊಡುತ್ತೇನೆ. ಈಗಿನ 2021 ಆವೃತ್ತಿಯಲ್ಲಿ ಸಿಮ್ಯುಲೇಟ್ ಓವರ್‌ಪ್ರಿಂಟ್ಸ್‌ಗೆ ಕಸ್ಟಮೈಸೇಷನ್‌ನಲ್ಲಿ ನನ್ನದೇ ಶಾರ್ಟ್‌ಕಟ್ ಕೀ ಇಟ್ಟುಕೊಂಡಿದ್ದೇನೆ. ಸಾಹುಕಾರರ ಲೇಬಲ್ ಈ ವರ್ಷ ಮತ್ತೆ ಬಂದಿದೆ, ಈ ಸಲ ಕೆಂಪು ಹಿನ್ನೆಲೆ, ಹೆಸರು ಬಿಳಿಯೇ. ನಿನ್ನೆ ರಾತ್ರಿ ಪ್ಲೇಟಿಗೆ ಕಳಿಸುವ ಮೊದಲು ಆ ಕೀ ಮೂರು ಸಲ ಒತ್ತಿದೆ, 'ಕಲಬುರಗಿ' ಜಾಗ ಬಿಟ್ಟು ಕದಲಲಿಲ್ಲ.