ಹಳೆ ಪಿಕಪ್‌ನ ಮಂಕು ಹೆಡ್‌ಲೈಟ್: ಪಾಲಿಶ್, ರಿಲೇ, ಎಲ್‌ಇಡಿ

ಲೋಡ್ ಹೊತ್ತು ರಾತ್ರಿ ಘಾಟಿ ಇಳಿಯುವಾಗ ರಸ್ತೆ ಕಾಣದಿದ್ದರೆ ಜೀವಕ್ಕೇ ಅಪಾಯ. ಹಳೆ ಪಿಕಪ್‌ನ ಮಂಕು ಹೆಡ್‌ಲೈಟ್‌ಗೆ ಲೆನ್ಸ್ ಪಾಲಿಶ್, ರಿಲೇ, ಎಲ್‌ಇಡಿ ಬಲ್ಬ್, ಈ ಮೂರರಲ್ಲಿ ಯಾವುದು ಮಾಡಿಸಲಿ ಎಂದು ಕೇಳಿದ್ದೀರಿ.

ಖರ್ಚಿನಲ್ಲಿ ಪಾಲಿಶ್ ಅಗ್ಗ. ಪ್ಲಾಸ್ಟಿಕ್ ಲೆನ್ಸ್ ಬಿಸಿಲಿಗೆ ಹಳದಿಯಾಗಿದ್ದರೆ ಒಂದೇ ಮಧ್ಯಾಹ್ನದ ಕೆಲಸ. ಆದರೆ ಮೇಲೆ ಬಿಸಿಲು ತಡೆಯುವ ಯುವಿ ಲೇಪನ ಕೊಡದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಮಂಕಾಗುತ್ತದೆ. ಗಾಜಿನ ಲೆನ್ಸ್ ಆಗಿದ್ದರೆ ಸುಮ್ನೆ ದುಡ್ಡು ದಂಡ, ಒಳಗಿನ ರಿಫ್ಲೆಕ್ಟರ್ ಕಪ್ಪಾಗಿದೆಯಾ ನೋಡಿ.

ಬಾಳಿಕೆಯಲ್ಲಿ ನನ್ನ ಒಲವು ರಿಲೇ ಕಡೆಗೆ, ಅಂದ್ರೆ ಬ್ಯಾಟರಿಯಿಂದ ನೇರವಾಗಿ ಬಲ್ಬ್‌ಗೆ ಕರೆಂಟ್ ಬಿಡುವ ವಿದ್ಯುತ್ ಸ್ವಿಚ್. ಹಳೆ ಗಾಡಿಗಳಲ್ಲಿ ಕರೆಂಟ್ ಸ್ವಿಚ್ ಮೂಲಕ, ಸವೆದ ತಂತಿಯಲ್ಲಿ ಸುತ್ತಿ ಬಲ್ಬ್ ಸೇರುತ್ತದೆ. ಎಂಜಿನ್ ಆನ್ ಮಾಡಿ, ಲೈಟ್ ಹಾಕಿ, ಮಲ್ಟಿಮೀಟರ್ ಹಿಡಿಯಿರಿ. ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬ್ ಹತ್ತಿರ 12.4 ಬಂದರೆ ಕಳ್ಳ ಸಿಕ್ಕ ಹಾಗೆ, ನಡುವಿನ ತಂತಿ, ಸ್ವಿಚ್ಚೇ ವೋಲ್ಟೇಜ್ ತಿನ್ನುತ್ತಿವೆ. ಹಳೆ ಗಾಡಿಯ ಹ್ಯಾಲೊಜನ್ ಬಲ್ಬ್‌ಗೆ ವೋಲ್ಟೇಜ್ 10% ಇಳಿದರೆ ಬೆಳಕು ಸುಮಾರು 30% ಇಳಿಯುತ್ತದೆ! ರಿಲೇ ಹಾಕಿದರೆ ಅದೇ 60/55 ವ್ಯಾಟ್ (ಹೈ ಬೀಮ್/ಲೋ ಬೀಮ್) ಬಲ್ಬ್ ಬೆಳ್ಳಗೆ ಉರಿಯುತ್ತದೆ. ದಯವಿಟ್ಟು ಫ್ಯೂಸ್ ಮಾತ್ರ ಮರೆಯಬೇಡಿ. ತಂತಿ ಸರಿ ಮಾಡದೆ 100/90 ವ್ಯಾಟ್ ಬಲ್ಬ್ ಹಾಕಿದರೆ ಹೋಲ್ಡರ್ ಕರಗುತ್ತದೆ.

ಹಾಕೋದು ಸುಲಭ ಅಂದ್ರೆ ಎಲ್‌ಇಡಿ. ಕರೆಂಟೂ ಕಡಿಮೆ ಎಳೆಯುತ್ತದೆ, ಆಲ್ಟರ್ನೇಟರ್ ದುರ್ಬಲವಾಗಿದ್ದವರಿಗೆ ಅನುಕೂಲವೇ. ಆದರೆ ಹ್ಯಾಲೊಜನ್‌ಗೆಂದು ಮಾಡಿದ ರಿಫ್ಲೆಕ್ಟರ್‌ನಲ್ಲಿ ಬೆಳಕು ಚೆದುರಿ ಎದುರಿನ ಬೈಕ್ ಸವಾರನ ಕಣ್ಣಿಗೆ ಹೊಡೆಯುತ್ತದೆ. ಅವನಿಗೂ ಮನೆಯಿದೆ ಅಲ್ವಾ? ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಆ ಬೆಳ್ಳನೆ ಬೆಳಕು ವಾಪಸ್ ನಮಗೇ ಬಡಿಯುತ್ತದೆ.

ಯಾವುದೇ ಮಾಡಿಸಿ, ಲೋಡ್ ಹಾಕಿದಾಗ ಹಿಂಬದಿ ಕುಗ್ಗಿ ಲೈಟ್ ಮೇಲೇಳುತ್ತದೆ. ಗೋಡೆ ಎದುರು ಗಾಡಿ ನಿಲ್ಲಿಸಿ ಲೋಡ್ ಸಮೇತ ಬೀಮ್ ಹೊಂದಿಸಿ.