ಡಬ್ಬಿಯ ಒಬಾಟ್ಸ್ಡಾ, ಮನೆಯ ಒಬಾಟ್ಸ್ಡಾ

ಮ್ಯೂನಿಕ್‌ನ ಅಂಗಡಿಯೊಂದರಲ್ಲಿ ಕೊಂಡ ಸಿದ್ಧ ಒಬಾಟ್ಸ್ಡಾದ ಡಬ್ಬಿಯನ್ನು ತೆರೆದಾಗ ಕಿತ್ತಳೆ ಬಣ್ಣವೇನೋ ಸೊಗಸಾಗಿತ್ತು. ಆದರೆ ಯಂತ್ರದಲ್ಲಿ ನುಣ್ಣಗೆ ಅರೆದಿದ್ದ ಆ ಮುದ್ದೆಯಲ್ಲಿ ಜರ್ಮನಿಯ ಬವೇರಿಯಾ ಪ್ರಾಂತ್ಯದ ಈ ಚೀಸ್ ಖಾದ್ಯದ ಜೀವಾಳವಾದ ತರಿತರಿ ಇರಲಿಲ್ಲ, ಉಪ್ಪೂ ಹೆಚ್ಚಾಗಿತ್ತು. 2015ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಸೂಚಕ ಪಡೆದ ತಿನಿಸಿನ ವಿಷಯದಲ್ಲಿ ಇದು ನನಗೆ ನಿಜಕ್ಕೂ ಬೇಸರ ತಂದಿತು. ಮನೆಯಲ್ಲಿ ಮಾಡುವುದು ಕಷ್ಟವಲ್ಲ: ಚೆನ್ನಾಗಿ ಮಾಗಿದ 200 ಗ್ರಾಂ ಕ್ಯಾಮೆಂಬೇರ್ ಚೀಸನ್ನು ಫ್ರಿಜ್‌ನಿಂದ ಮೊದಲೇ ಹೊರಗಿಟ್ಟು, ತಣುವು ಹೋದ ಮೇಲೆ 50 ಗ್ರಾಂ ಮೆತ್ತನೆಯ ಬೆಣ್ಣೆ, ಪ್ಯಾಪ್ರಿಕಾ ಪುಡಿ, ಜೀರಿಗೆಯಂತೆ ಕಾಣುವ ಕ್ಯಾರವೇ ಬೀಜ ಹಾಗೂ ಎರಡು ಚಮಚ ಬಿಯರ್ ಸೇರಿಸಿ ಫೋರ್ಕಿನಿಂದ ಹಿಸುಕಿದರೆ ಸಾಕು. ಈರುಳ್ಳಿಯನ್ನು ಮಾತ್ರ ಬಡಿಸುವ ಹೊತ್ತಿಗೇ ಹಾಕಬೇಕು. ಮೊದಲೇ ಬೆರೆಸಿಟ್ಟರೆ ಕಹಿಯಾಗುತ್ತದೆ. ಬವೇರಿಯಾದ ಸಾಂಪ್ರದಾಯಿಕ ಬಿಯರ್ ತೋಟಗಳಿಗೆ, ಎಂದರೆ ಬಯಲಲ್ಲಿ ಕುಳಿತು ಬಿಯರ್ ಕುಡಿಯುವ ತಾಣಗಳಿಗೆ, ಮನೆಯ ತಿಂಡಿ ಒಯ್ಯಲು ಅವಕಾಶವಿರುವುದರಿಂದ, ಪ್ರೆಟ್ಸೆಲ್ ಎಂಬ ಗಂಟಿನಾಕಾರದ ಬ್ರೆಡ್ ಮತ್ತು ಮೂಲಂಗಿಯೊಡನೆ ನಾನು ಇನ್ನು ಮುಂದೆ ಕೊಂಡೊಯ್ಯುವುದು ಕೈಯಾರೆ ಮಾಡಿದ ಒಬಾಟ್ಸ್ಡಾವನ್ನೇ.