ಬೆಂಗಳೂರು ಜೆ.ಸಿ. ರಸ್ತೆಯ ಬಂಪರ್ ವೆಲ್ಡಿಂಗ್ ಅಂಗಡಿ: ತಗ್ಗಿಸಿದ ಪೋಲೋ ಇಟ್ಕೊಂಡವನ ಅನುಭವ

ನನ್ನ ಕಾರು 2015ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. ಲೋವರಿಂಗ್ ಸ್ಪ್ರಿಂಗ್ ಹಾಕಿ 35 ಮಿ.ಮೀ. ಇಳಿಸಿದ್ದೆ, ಮುಂದೆ ಬಂಪರ್ ಕೆಳಗೆ ಚಾಚಿಕೊಳ್ಳೋ ಪಟ್ಟಿ, ಅಂದರೆ ಫೈಬರ್ ಲಿಪ್ ಬೇರೆ. ಟೇಪ್ ಹಿಡಿದರೆ ನೆಲದಿಂದ ಲಿಪ್‌ಗೆ ಒಂಬತ್ತೂವರೆ ಸೆಂ.ಮೀ. ರಸ್ತೆಗಳ ಮಾನದಂಡ ರೂಪಿಸೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಅಷ್ಟು ಅಗಲಕ್ಕೆ ಏರು ಮೆಲ್ಲಗಿರೋದರಿಂದ ಅದನ್ನ ನಿಧಾನಕ್ಕೆ ದಾಟಬಹುದು. ನಮ್ಮ ಬಡಾವಣೆಯವರು ರಾತ್ರೋರಾತ್ರಿ ಹಾಕೋ ಬನ್ನಿನಂಥ ಹಂಪ್‌ಗೆ ಮಾತ್ರ ಯಾವ ಲೆಕ್ಕವೂ ಇಲ್ಲ.

ಆದರೆ ಬಂಪರ್ ಕಿತ್ತು ಬಂದಿದ್ದು ಹಂಪ್‌ನಿಂದ ಅಲ್ಲ. ಒಂದು ಕಡೆ ತಿಂಡಿಗೆ ಅಂತ ನಿಲ್ಲಿಸುವಾಗ ಲಿಪ್ ಪಾರ್ಕಿಂಗ್‌ನ ಕಾಂಕ್ರೀಟ್ ದಿಂಡಿನ ಮೇಲೆ ಹತ್ತಿ ಆಚೆಗೆ ಕೂತಿತ್ತು. ವಾಪಸ್ ಬಂದು ರಿವರ್ಸ್ ಹಾಕಿದೆ. ಟಪ್ ಅಂತ ಸದ್ದು. ಎಡಗಡೆ ಬಂಪರ್ ಹಿಡಿದಿಡೋ ಬ್ರಾಕೆಟ್ ಮುರಿದು, ಬಂಪರ್ ಒಂದು ಗೇಣು ಸೀಳಿತ್ತು. ಮುಂದೆ ಹೋಗುವಾಗ ಲಿಪ್ ಉಜ್ಜುತ್ತೆ ಅಷ್ಟೆ. ಹಿಂದಕ್ಕೆ ಎಳೆದಾಗ ಕೊಕ್ಕೆ ಹಾಕಿದ ಹಾಗೆ ಸಿಕ್ಕಿಕೊಳ್ಳುತ್ತೆ.

ಮೊದಲು ಮನೆ ಹತ್ತಿರದ ಗ್ಯಾರೇಜಿನಲ್ಲಿ ಫೈಬರ್ ಪಟ್ಟಿ, ರೆಸಿನ್ ಅಂಟು ಹಾಕಿ ಅಂಟಿಸಿಕೊಟ್ಟರು. ಮೂರು ವಾರಕ್ಕೆ ಕಾದ ಹೆಂಚಿಂದ ದೋಸೆ ಏಳುವ ಹಾಗೆ ಎದ್ದು ಬಂತು. ಸರ್ವಿಸ್ ಸೆಂಟರ್‌ನಲ್ಲಿ ಹೊಸ ಬಂಪರ್, ಪೇಂಟ್ ಸೇರಿ ಹದಿನೆಂಟು ಸಾವಿರ ಅಂದರು.

ಆಮೇಲೆ ಸಿಕ್ಕಿದ್ದು ಈ ಅಂಗಡಿ. ಒಳಗಲ್ಲಿ, ಬೋರ್ಡೂ ಇಲ್ಲ, ಹೊರಗೆ ತೂಗುಹಾಕಿದ ಬಂಪರ್‌ಗಳೇ ಗುರುತು. ಅಂಗಡಿಯ ಭಾಯ್ ಬಂಪರ್ ಬಿಚ್ಚಿ ಬೋರಲು ಹಾಕಿ, ಒಳಗಿನ ಅಚ್ಚಿನ ಮೇಲೆ ಬೆರಳಿಟ್ಟರು: 'ನೋಡಿ ಸಾರ್, ಪಿಪಿ ಅಂತ ಬರ್ದಿದೆ, ಅಂದ್ರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಇದಕ್ಕೆ ರೆಸಿನ್ ಹಿಡಿಯಲ್ಲ, ಕರಗಿಸಿ ಇದೇ ಪ್ಲಾಸ್ಟಿಕ್ ತುಂಬ್ಬೇಕು.' ಸೀಳು ಮುಂದಕ್ಕೆ ಓಡದಿರಲಿ ಅಂತ ಅದರ ತುದಿಗೆ ಸಣ್ಣ ತೂತು ಕೊರೆದರು. ಹಿಂಬದಿಗೆ ಬಿಸಿ ಸ್ಟೇಪಲ್ ಇಳಿಸಿ, ಮುಂಬದಿಗೆ ಸೀಳಿನುದ್ದಕ್ಕೂ ಕಾಲುವೆ ಥರ ಕೊರೆದು ಪಿಪಿ ಕಡ್ಡಿ ಕರಗಿಸಿ ತುಂಬಿದರು. ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಹೊಡೆದರು. ಬ್ರಾಕೆಟ್ ಮಾತ್ರ ಹೊಸದು. ಮುರಿದಿದ್ದನ್ನ ವೆಲ್ಡ್ ಮಾಡಿದರೆ ನಿಲ್ಲಲ್ಲ ಅಂತ ಅವರೇ ಹೇಳಿದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

ಒಟ್ಟು 5,200 ರೂಪಾಯಿ, ಪಕ್ಕದ ಅಂಗಡಿಯ ಪೇಂಟ್ ಸೇರಿ. ಕೊರಗು ಇರೋದು ಆ ಪೇಂಟ್ ಬಗ್ಗೆ: ಧೂಳು ಬರದ ಹಾಗೆ ಮುಚ್ಚಿದ ಪೇಂಟ್ ಬೂತ್ ಇಲ್ಲ, ಕ್ಲಿಯರ್ ಕೋಟ್‌ನಲ್ಲಿ ಧೂಳಿನ ಚುಕ್ಕೆ ಉಳಿದಿವೆ. ಕೆಂಪು ಬಣ್ಣ ನೆರಳಲ್ಲಿ ಸರಿಯಾಗಿದೆ, ಬಿಸಿಲಲ್ಲಿ ಬಾನೆಟ್‌ಗಿಂತ ಒಂದು ಛಾಯೆ ಗಾಢ. 'ಸಂಜೆ ಬನ್ನಿ' ಅಂದಿದ್ದು ಮಾರನೇ ದಿನ ಮಧ್ಯಾಹ್ನ ಆಯ್ತು. ಕಾರ್ ನಿಲ್ಲಿಸೋಕೆ ಜಾಗ ಕೇಳಲೇಬೇಡಿ.

ಹಳೇ ಲಿಪ್ ಮತ್ತೆ ಕೂರಿಸಿ ಅಂದೆ, ಒಪ್ಪಲಿಲ್ಲ. ಹತ್ತು ಸ್ಕ್ರೂ ಬಿಗಿದರೆ ಲಿಪ್ ಜತೆ ಬಂಪರೂ ಹೋಗುತ್ತೆ, ಬೇಕಾದರೆ ಬಗ್ಗುವ ರಬ್ಬರ್ ಲಿಪ್ ತಗೊಂಡು ಪ್ಲಾಸ್ಟಿಕ್ ಕ್ಲಿಪ್ ಹಾಕಿ, ಸಿಕ್ಕಿಕೊಂಡರೆ ಕ್ಲಿಪ್ಪೇ ಮೊದಲು ಮುರೀಲಿ ಅಂದರು. ಹಾಗೇ ಮಾಡಿಸಿದೆ. ನಾಲ್ಕು ತಿಂಗಳಲ್ಲಿ ಎರಡು ಕ್ಲಿಪ್ ಹೋಗಿವೆ, ವೆಲ್ಡ್ ಅಲ್ಲಾಡಿಲ್ಲ. ಹಂಪ್ ಹತ್ತುವ ಮುಂಚೆ ಬ್ರೇಕ್ ಬಿಟ್ಟುಬಿಡೋದೂ ಅಲ್ಲೇ ಕಲಿತಿದ್ದು; ಬ್ರೇಕ್ ಒತ್ತಿದಷ್ಟೂ ಮೂತಿ ಕೆಳಗಿಳಿಯುತ್ತೆ.

ಫೈಬರ್ ಲಿಪ್ ಇನ್ನೂ ಡಿಕ್ಕಿಯಲ್ಲೇ ಇದೆ. ಹೆಂಡತಿ ವಾರಕ್ಕೊಮ್ಮೆ ಕೇಳುತ್ತಾಳೆ, ಇದನ್ನ ಯಾವಾಗ ಗುಜರಿಗೆ ಹಾಕ್ತೀರಾ ಅಂತ.